ಪಿಸಿಇ ಅಡ್ಮಿಕ್ಸ್ಚರ್: ಪುಣೆ ಸೈಟಿನಾಗ ವರ್ಷಗಟ್ಲೆ ಬಳಸಿದ ಮ್ಯಾಲೆ ನನ್ನ ಅಭಿಪ್ರಾಯ

ಹಿಂಜವಡಿ, ವಾಕಡ್ ಕಡೆ ಸ್ಲ್ಯಾಬ್ ಕೆಲಸ ಹಿಡಿಯೋ ನಮ್ಮ ವಿಜಯಪುರ, ಕಲಬುರಗಿ ಮಂದಿ ಕೇಳೋದು ಒಂದ, ಈ ಪಿಸಿಇ (ಪಾಲಿಕಾರ್ಬಾಕ್ಸಿಲೇಟ್ ಈಥರ್) ಸೂಪರ್‌ಪ್ಲಾಸ್ಟಿಸೈಜರ್, ಅಂದ್ರ ಕಡಿಮಿ ನೀರಿನಾಗ ಕಾಂಕ್ರೀಟ್ ಹರಿಯೋಹಂಗ ಮಾಡೋ ಕೆಮಿಕಲ್, ಹಾಕಿದ್ರ ಕಾಂಕ್ರೀಟ್ ಖರೇನ ಗಟ್ಟಿ ಆಗ್ತೈತೇನ್ರಿ ಅಂತ. ಆಗ್ತೈತಿ, ಆದ್ರ ನೀರು ಕಡಿಮಿ ಮಾಡಿದ್ರ ಅಷ್ಟ.

ಸಿಮೆಂಟ್ ರಾಸಾಯನಿಕವಾಗಿ ಹಿಡ್ಕೊಳ್ಳೋದು ಅದರ ತೂಕದ ಸುಮಾರು 23% ನೀರು, ನಾವು ಸೈಟಿನಾಗ ಅದರ ಡಬಲ್ ಸುರೀತೀವಿ, ಯಾಕಂದ್ರ ಮಾಲು ಹರೀಬೇಕಲ್ಲ, ಆ ಹೆಚ್ಚಿನ ನೀರು ಆಮ್ಯಾಲೆ ಒಣಗಿ ಒಳಗ ಸಣ್ಣ ಸಣ್ಣ ತೂತು ಬಿಟ್ಟು ಹೋಗ್ತೈತಿ, ತಾಕತ್ತು ಹೋಗೋದು ಅಲ್ಲೇ. ಪಿಸಿಇ ಏನ್ ಮಾಡ್ತೈತಿ ಅಂದ್ರ ಸಿಮೆಂಟ್ ಕಣಕ್ಕ ಅಂಟ್ಕೊಂಡು ಒಂದಕ್ಕೊಂದು ಹತ್ತದಂಗ ದೂರ ಇಡ್ತೈತಿ, ಗಂಟಿನಾಗ ಸಿಕ್ಕೊಂಡಿದ್ದ ನೀರು ಹೊರಗ ಬರ್ತೈತಿ. 50 ಕೆಜಿ ಚೀಲಕ್ಕ 25 ಲೀಟರ್ ಹಾಕೋ ಕಡೆ 20 ಲೀಟರಿನಾಗ ಕೆಲಸ ಆಗ್ತೈತಿ. ಕಬ್ಬಿಣದ ಸಳಿ ದಟ್ಟ ಇರೋ ಬೀಮ್ ಕಾಲಂ ಜಾಯಿಂಟಿನಾಗ ಮಾಲು ಮೂಲಿತನಕ ಹೋಗಿ ಕುಂತಿರ್ತೈತಿ, ಸೆಂಟ್ರಿಂಗ್ ಬಿಚ್ಚಿದಾಗ ಖಡಿ ಕಾಣೂದಿಲ್ಲ. ಇದಕ್ಕ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಈಗ ತ್ರಾಸಿನ ಮಾತು. ಡೋಸ್ ಅಂದಾಜಿನ ಮ್ಯಾಲೆ ಸುರೀಬ್ಯಾಡ್ರಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಸಾಮಾನ್ಯ ಮಿತಿ ಸಿಮೆಂಟ್ ತೂಕದ 2%, ಅಂದ್ರ ಚೀಲಕ್ಕ 1 ಕೆಜಿ, ನಮಗ ಅದರ ಅರ್ಧಾನೂ ಬೇಕಾಗೂದಿಲ್ಲ. ಹೆಚ್ಚಾದ್ರ ಖಡಿ ಕೆಳಗ ಕುಂದ್ರತೈತಿ, ಮ್ಯಾಲೆ ಬರೇ ಸಿಮೆಂಟ್ ಹಾಲು ತೇಲ್ತೈತಿ, ಸೆಟ್ ಆಗೋದೂ ತಡಾ. ಬ್ಯಾಸಿಗಿಗೆ ಅಂತ ತಂದ ರಿಟಾರ್ಡರ್ (ಸೆಟ್ ಆಗೋದು ತಡಾ ಮಾಡೋ ಕೆಮಿಕಲ್) ಇರೋ ಕ್ಯಾನ್ ಡಿಸೆಂಬರ್ ಥಂಡಿಯಾಗ ತಗೀಬ್ಯಾಡ್ರಿ, ಸಂಜಿಕ ಹಾಕಿದ ಸ್ಲ್ಯಾಬ್ ಮುಂಜಾನೆ ಹೆಬ್ಬೆರಳು ಒತ್ತಿದ್ರ ಇನ್ನೂ ಅಚ್ಚು ಬೀಳ್ತೈತಿ.

ಇನ್ನೊಂದು, ಲಗೂ ಸೆಟ್ ಆಗ್ತೈತಿ ಅಂತ ದುಕಾನದಾಗ ಏನರ ಕೊಟ್ರ ಕ್ಲೋರೈಡ್ ಐತೇನು ನೋಡ್ರಿ. ಕ್ಯಾಲ್ಸಿಯಂ ಕ್ಲೋರೈಡ್ ಸಿಮೆಂಟನ್ನ ಲಗೂ ಗಟ್ಟಿ ಮಾಡ್ತೈತಿ ಖರೆ, ಆದ್ರ ಸಳಿಗೆ ತುಕ್ಕು ಹಿಡಸ್ತೈತಿ, ಮುಂಬೈ ಗೋವಾದಂಥ ಸಮುದ್ರದ ಹವಾದಾಗ ಅಂತೂ ಮನಿ ಕಟ್ಟಿಸಿದವರಿಗೆ ಮೋಸ ಮಾಡಿದಂಗ.

ಅಡ್ಮಿಕ್ಸ್ಚರ್ ಹಾಕೀವಿ ಅಂತ ಕ್ಯೂರಿಂಗ್ ಬಿಡಾಕ ಬರೂದಿಲ್ಲ, ಓಪಿಸಿ ಅಂದ್ರ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕಡಿಮಿ ಅಂದ್ರೂ 7 ದಿನ, ಹಾರುಬೂದಿ ಇರೋ ಪಿಪಿಸಿ ಸಿಮೆಂಟಿಗೆ 10 ದಿನ ನೀರು ಹೊಡೀರಿ. ಸಿಮೆಂಟ್ ಕಂಪನಿ ಬದಲಾದ್ರ ಮದಲ ಒಂದು ಟ್ರಯಲ್ ಹಾಕ್ರಿ, ಒಂದ ಕ್ಯಾನಿನ ಪಿಸಿಇ ಹಾಕಿದ್ರೂ ಮಾಲು ಒಂದು ಸಿಮೆಂಟಿಗೆ ಚೊಲೋ ಹರೀತೈತಿ, ಇನ್ನೊಂದಕ್ಕ ಅರ್ಧ ತಾಸಿನಾಗ ಬಿಗೀತೈತಿ.