ಗೌರಿ ಹೂವಿನ ಒಂದು ಋತು: ಮ್ಯಾಕ್ರೋ ಲೆನ್ಸಾ, ಟ್ಯೂಬಾ, ಮೊಬೈಲಾ?

ಗೌರಿ ಹೂ, ಅಂದರೆ ಅಗ್ನಿಶಿಖೆ, ಮುಂಗಾರಿಗೆ ಗೆಡ್ಡೆಯಿಂದ ಎದ್ದು, ಹಬ್ಬದ ಹೊತ್ತಿಗೆ ಹೂಬಿಟ್ಟು, ಮಳೆ ನಿಂತ ಮೇಲೆ ಕಾಯಿ ಒಡೆದು ಒಣಗಿಬಿಡುತ್ತದೆ. ಒಂದೇ ಬಳ್ಳಿಯನ್ನು ಮೊಳಕೆಯಿಂದ ಬೀಜದವರೆಗೆ ಮೂರು ಬಗೆಯಲ್ಲೂ ತೆಗೆದು ನೋಡಿದ್ದಾಯಿತು.

100 ಎಂಎಂ ಮ್ಯಾಕ್ರೋ ಲೆನ್ಸಿನ ದೊಡ್ಡ ಲಾಭ ಹಿಗ್ಗಿಸುವುದರಲ್ಲಿಲ್ಲ, ಹೂವಿನಿಂದ ದೂರ ಉಳಿಯುವುದರಲ್ಲಿದೆ. 1:1ರಲ್ಲೂ, ಅಂದರೆ ವಸ್ತು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಾಗಲೂ, ಲೆನ್ಸಿನ ಮುಂದೆ ಸುಮಾರು 13 ಸೆಂ.ಮೀ. ಜಾಗ ಉಳಿಯುತ್ತದೆ. ಈ ಬಳ್ಳಿಯ ಎಲೆಯ ತುದಿಯೇ ಸುರುಳಿಯಾಗಿ ಬೇಲಿಗೆ ಹೆಣೆದುಕೊಂಡಿರುವುದರಿಂದ, ಒಂದು ಮುಳ್ಳುಕಡ್ಡಿಗೆ ಕೈ ತಗುಲಿದರೂ ಹೂ ಅಲುಗಾಡುತ್ತದೆ.

50 ಎಂಎಂ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಟೊಳ್ಳು ಕೊಳವೆ, ಅಂದರೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದರೆ ಖರ್ಚು ತೀರಾ ಕಡಿಮೆ. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರಿನಲ್ಲಿ 12 ಎಂಎಂ ಟ್ಯೂಬಿಗೆ ಚೌಕಟ್ಟಿನ ಅಗಲ ಸುಮಾರು 10 ಸೆಂ.ಮೀ., ಇಡೀ ಹೂವಿಗೆ ಹೇಳಿ ಮಾಡಿಸಿದಂತೆ. 36ಕ್ಕೆ 3.3 ಸೆಂ.ಮೀ.; 12, 20, 36 ಮೂರನ್ನೂ ಸೇರಿಸಿದರೆ 1.7, ಬೀಜಕ್ಕೆ ಸಾಕು. ಆದರೆ ಆಗ ಎರಡೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಬೆಳಕು ಹೋಗುತ್ತದೆ, ಲೆನ್ಸಿನ ನೆರಳೂ ಬೀಜದ ಮೇಲೆ ಬೀಳುತ್ತದೆ. ಟ್ಯೂಬ್ ಇರುವಷ್ಟು ಹೊತ್ತು ದೂರದ ಫೋಕಸ್ ಸಿಗದು. ಇಡೀ ಬಳ್ಳಿ ಬೇಕೆಂದರೆ ಸೋನೆಮಳೆಯಲ್ಲೇ ಲೆನ್ಸ್ ಬಿಚ್ಚಬೇಕು. ವಿದ್ಯುತ್ ಸಂಪರ್ಕವಿಲ್ಲದ ಅಗ್ಗದ ಟ್ಯೂಬ್ ಬೇಡ. ಅಪರ್ಚರ್ ರಿಂಗ್ (ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬಳೆ) ಇಲ್ಲದ ಲೆನ್ಸ್ ಹೆಚ್ಚಾಗಿ ಎಫ್ 1.8ರಲ್ಲೇ, ಅಂದರೆ ಕಿಂಡಿ ಪೂರ್ತಿ ತೆರೆದೇ, ಸಿಕ್ಕಿಕೊಂಡು, ಕೇಸರದ ತುದಿಯೊಂದೇ ಸ್ಪಷ್ಟವಾಗುತ್ತದೆ. ಎಫ್ 8, 1/250 ಸೆಕೆಂಡ್ ಅಥವಾ ಅದಕ್ಕಿಂತ ವೇಗದ ಶಟರ್ ಇರಲಿ.

ಮೊಬೈಲು ಮೊಳಕೆಗೆ, ಇಡೀ ಬಳ್ಳಿಗೆ ಚೆನ್ನ. ಅದಕ್ಕೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಹಾಕಿದರೆ ಎರಡು ಮೂರು ಸೆಂ.ಮೀ.ಗೆ ಮೂಗು ತೂರಿಸಬೇಕು, ಅಂಚೆಲ್ಲ ಮಸುಕು.

ಮೂರರಲ್ಲೂ ಕೈಕೊಡುವುದು ಬಣ್ಣ. ಹಸಿರಾಗಿ ಅರಳುವ ಎಸಳು ಹಳದಿಗೆ ತಿರುಗಿ, ತುದಿಯಿಂದ ಕೆಂಪೇರಿ, ಕೊನೆಗೆ ಬುಡದವರೆಗೂ ಕೆಂಪಾಗುತ್ತದೆ. ಬಣ್ಣ ಸರಿದೂಗಿಸುವುದನ್ನು ಕ್ಯಾಮೆರಾಕ್ಕೇ (ಆಟೋ ವೈಟ್ ಬ್ಯಾಲೆನ್ಸ್) ಬಿಟ್ಟರೆ ನಿನ್ನೆಯ ಹಳದಿ ಇಂದು ಹಸಿರಾಗಿ ಬಂದು ಕ್ರಮವೇ ಕೆಡುತ್ತದೆ. ಅದನ್ನು ಹಗಲ ಬೆಳಕಿನ 5500 ಕೆಲ್ವಿನ್‌ಗೆ ಕಟ್ಟಿಹಾಕಿ, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ದತ್ತಾಂಶ) ತೆಗೆಯಿರಿ. ಬೆಳಕಿನ ಹಂಚಿಕೆ ತೋರುವ ಹಿಸ್ಟೋಗ್ರಾಮಿನಲ್ಲಿ ಕೆಂಪು ಚಾನೆಲ್ ಬೇರೆಯಾಗಿ ನೋಡಿ, ಬೆಳಕನ್ನು 2/3 ಸ್ಟಾಪ್ ತಗ್ಗಿಸಿ. ಇಲ್ಲವಾದರೆ ಎಸಳಿನ ಅಲೆಅಂಚು ಕರಗಿ ಕೆಂಪು ಮುದ್ದೆಯಾಗುತ್ತದೆ.

ದುಡ್ಡಿದ್ದರೆ ಮ್ಯಾಕ್ರೋ. ಇಲ್ಲದಿದ್ದರೆ 12 ಎಂಎಂ ಟ್ಯೂಬೊಂದು, ಜೊತೆಗೆ ಮೊಬೈಲು. ಕ್ಲಿಪ್ ಲೆನ್ಸಿಗೆ ಹಣ ಹಾಕುವುದು ದಂಡ.

ಗೆಡ್ಡೆ, ಬೀಜ ಎರಡೂ ಕಡುವಿಷ. ಅಗೆಯಬೇಡಿ, ಮುಟ್ಟಿದರೆ ಕೈ ತೊಳೆಯಿರಿ. ಬಳ್ಳಿ ಒಣಗುವ ಮುಂಚೆ ಬುಡದಲ್ಲಿ ಬಿದಿರುಗೂಟ ನೆಡಿ. ಮುಂದಿನ ವರ್ಷದ ಚಿಗುರು ಗೆಡ್ಡೆಯ ಕವಲಿನ ತುದಿಯಿಂದ ಏಳುವುದರಿಂದ, ಗೂಟದಿಂದ ತುಸು ಆಚೆ ಮೊಳಕೆ ಕಂಡರೆ ಬೇರೆ ಗಿಡವೆಂದು ಬಿಟ್ಟುಬಿಡಬೇಡಿ.