ಟ್ರೇಲರ್‌ನ ಅಡಾಪ್ಟರ್ ಕಾದರೆ ಬ್ರೇಕರ್‌ಗೆ ಅದು ತಿಳಿಯುವುದಿಲ್ಲ

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ಕನ್ನಡಿಗ ಕುಟುಂಬಗಳು ದಯವಿಟ್ಟು ಇದನ್ನು ಓದಬೇಕು. ಕಳೆದ ಬೇಸಿಗೆಯಲ್ಲಿ ಟೆಕ್ಸಾಸ್‌ನ ಒಂದು ಖಾಸಗಿ ಕ್ಯಾಂಪ್‌ಗ್ರೌಂಡ್‌ನಲ್ಲಿ ನಮ್ಮ ಟ್ರೇಲರ್‌ಗೆ ವಿದ್ಯುತ್ ಕೊಡುತ್ತಿದ್ದ ಅಡಾಪ್ಟರ್ ಕರಗಿಹೋಯಿತು. ಒಳಗೆ ಮಕ್ಕಳು ಮಲಗಿದ್ದರು, ಕರೆಂಟು ಮಿತಿ ಮೀರಿದರೆ ತಾನಾಗಿ ಕಡಿಯಬೇಕಾದ ಬ್ರೇಕರ್ ಮಾತ್ರ ಕೊನೆಯವರೆಗೂ ಟ್ರಿಪ್ ಆಗಲೇ ಇಲ್ಲ.

ನಮ್ಮದು 30 ಆಂಪ್‌ನ ಟ್ರೇಲರ್. ನಮಗೆ ಕೊಟ್ಟ ಜಾಗದಲ್ಲಿ ಟ್ರೇಲರ್‌ಗೆ ವಿದ್ಯುತ್ ಕೊಡುವ ಕಂಬದಲ್ಲಿ 30 ಆಂಪ್ ಸಾಕೆಟ್ ಕೆಟ್ಟಿತ್ತು. ಅದನ್ನು ತಿಳಿಸಿದಾಗ ಅಲ್ಲಿನ ಸಿಬ್ಬಂದಿ ಒಂದು ಚಿಕ್ಕ ಅಡಾಪ್ಟರ್ ಕೊಟ್ಟು, ಪಕ್ಕದ 20 ಆಂಪ್ ಸಾಕೆಟ್‌ಗೆ ಹಾಕಿಕೊಳ್ಳಿ, ಎ.ಸಿ. ಧಾರಾಳವಾಗಿ ನಡೆಯುತ್ತದೆ ಎಂದು ಭರವಸೆ ನೀಡಿದರು. ಎ.ಸಿ. ನಡೆಯಿತು, ನಿಜ. ಆದರೆ ಸಂಜೆಯ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಹೊರಗೆ ಹೋಗಿ ನೋಡಿದರೆ, ಒಂದು ಪಿನ್ನಿನ ಸುತ್ತ ಅಡಾಪ್ಟರ್ ಕಂದು ಬಣ್ಣಕ್ಕೆ ತಿರುಗಿ ಸಾಕೆಟ್‌ಗೇ ಅಂಟಿಕೊಂಡಿತ್ತು.

ಅವರು ಕೊಟ್ಟ ಸಲಹೆ ಎಷ್ಟು ಅಪಾಯಕಾರಿಯೆಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. 13,500 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ) ಎ.ಸಿ. ಬಿಸಿಲಿನಲ್ಲಿ ಸುಮಾರು 13 ಆಂಪ್ ಎಳೆಯುತ್ತದೆ. ಫ್ರಿಜ್ ಮತ್ತು ಬ್ಯಾಟರಿ ಚಾರ್ಜರ್ ಸೇರಿದರೆ 17 ಆಂಪ್ ದಾಟುವುದು ಕಷ್ಟವಲ್ಲ. 20 ಆಂಪ್ ಬ್ರೇಕರ್‌ನ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಅಡಾಪ್ಟರ್‌ನ ಪಿನ್ನುಗಳು 15 ಆಂಪ್‌ಗೆ ಮಾಡಿದವು, ಗಂಟೆಗಟ್ಟಲೆ ಸತತವಾಗಿ ಬಳಸುವಾಗ 12 ಆಂಪ್ ಮೀರಬಾರದು. ಬ್ರೇಕರ್ ತನ್ನ ಮೂಲಕ ಹಾಯುವ ಕರೆಂಟನ್ನು ಗಮನಿಸುತ್ತದೆಯೇ ಹೊರತು, ಪಿನ್ನು ಎಷ್ಟು ಕಾದಿದೆ ಎಂಬುದನ್ನಲ್ಲ.

ಊರಿನಲ್ಲಿ 230 ವೋಲ್ಟ್‌ಗೆ ಒಗ್ಗಿದ ನಮಗೆ ಇಲ್ಲಿ ಇನ್ನೊಂದು ವಿಷಯ ತಟ್ಟನೆ ಹೊಳೆಯುವುದಿಲ್ಲ. 1,500 ವಾಟ್‌ನ ಹೀಟರ್ ಅಲ್ಲಿ ಆರೂವರೆ ಆಂಪ್ ಎಳೆದರೆ, ಇಲ್ಲಿನ 120 ವೋಲ್ಟ್‌ನಲ್ಲಿ ಹನ್ನೆರಡೂವರೆ ಆಂಪ್ ಎಳೆಯುತ್ತದೆ. ಸಂಪರ್ಕದಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕರೆಂಟು ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಸವೆದ ಸಾಕೆಟ್‌ನ ಸಡಿಲ ಹಿಡಿತದಲ್ಲಿ ಕೇವಲ 0.1 ಓಮ್ ರೋಧವಿದ್ದರೂ, 15 ಆಂಪ್ ಹರಿದಾಗ 22 ವಾಟ್‌ಗಿಂತ ಹೆಚ್ಚು ಶಾಖ ಅದೊಂದೇ ಬಿಂದುವಿನಲ್ಲಿ ಉಂಟಾಗುತ್ತದೆ. ಪ್ಲಾಸ್ಟಿಕ್ಕಿನೊಳಗೆ ಸಣ್ಣ ಸೋಲ್ಡರಿಂಗ್ ಐರನ್ ಹೂತಿಟ್ಟಂತೆ.

ಅಡಾಪ್ಟರ್ ಬಿಸಿಯಾಗಿದೆ ಎನಿಸಿದರೆ ಮೊದಲು ಎ.ಸಿ. ನಿಲ್ಲಿಸಿ, ಕಂಬದ ಬ್ರೇಕರ್ ಆಫ್ ಮಾಡಿ, ಆಮೇಲೆ ಮಾತ್ರ ಪ್ಲಗ್ ಕೀಳಬೇಕು. ಬಿಸಿ ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ. ಪಿನ್ನುಗಳಲ್ಲೇ ಹೆಚ್ಚು ಬಿಸಿಯಿದ್ದರೆ ಸಾಮಾನ್ಯವಾಗಿ ಕಂಬದ ಸಾಕೆಟ್‌ನ ಹಿಡಿತ ಸಡಿಲವಾಗಿರುತ್ತದೆ. ಪ್ಲಗ್ ಸಲೀಸಾಗಿ ಒಳಹೊಕ್ಕು ಅಲುಗಾಡುವುದು ಅದರ ಗುರುತು. ಅಡಾಪ್ಟರ್‌ನ ಕತ್ತಿನ ಭಾಗ ಬಿಸಿಯಾಗಿದ್ದರೆ ಒಳಗಿನ ತಂತಿಯ ಜೋಡಣೆಯನ್ನು ಅನುಮಾನಿಸಬೇಕು. ಕೇಬಲ್ ಉದ್ದಕ್ಕೂ ಬಿಸಿಯಾಗಿದ್ದರೆ ತಂತಿ ತೆಳುವಾಗಿದೆ. 30 ಆಂಪ್‌ಗೆ 10 ಗೇಜ್ ದಪ್ಪದ ತಂತಿಯೇ ಬೇಕು. ಟ್ರೇಲರ್ ಕಡೆಯ ತುದಿ ಕಾದಿದ್ದರೆ, ತಿರುಗಿಸಿ ಬಿಗಿಸುವ ಪ್ಲಗ್ ಪೂರ್ತಿ ತಿರುಗಿದೆಯೇ ಎಂದು ನೋಡಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಈ ಕೆಲಸ ಸುಲಭ. ಎ.ಸಿ. ನಡೆಯುವಾಗ ಟ್ರೇಲರ್ ಒಳಗಿನ ವೋಲ್ಟೇಜನ್ನೂ ನೋಡಿ. ಅದು 105 ವೋಲ್ಟ್‌ನ ಆಸುಪಾಸಿಗೆ ಕುಸಿದರೆ ಎ.ಸಿ. ನಿಲ್ಲಿಸುವುದೇ ಸರಿ, ಏಕೆಂದರೆ ವೋಲ್ಟೇಜ್ ಕಡಿಮೆಯಾದಷ್ಟೂ ಕಂಪ್ರೆಸರ್ ಹೆಚ್ಚು ಕರೆಂಟು ಎಳೆದು ಪಿನ್ನನ್ನು ಇನ್ನಷ್ಟು ಕಾಯಿಸುತ್ತದೆ.

ಒಮ್ಮೆ ಸುಟ್ಟ ಪಿನ್ನನ್ನು ಉಜ್ಜಿ ಮತ್ತೆ ಬಳಸುವವರನ್ನು ನಾನು ಕಂಡಿದ್ದೇನೆ, ಅದು ಖಂಡಿತ ಬೇಡ. ಕಾದ ಲೋಹದ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಂಡಿರುತ್ತದೆ. ಸುಟ್ಟ ಪ್ಲಗ್ ಹೊಸ ಸಾಕೆಟ್ಟನ್ನೂ, ಸುಟ್ಟ ಸಾಕೆಟ್ ಹೊಸ ಪ್ಲಗ್ಗನ್ನೂ ಹಾಳುಮಾಡುವುದರಿಂದ ಎರಡನ್ನೂ ಬದಲಾಯಿಸಲೇಬೇಕು.

ಕಂಬದ 30 ಆಂಪ್ ಸಾಕೆಟ್ ಕೆಟ್ಟಿದ್ದರೆ ಬೇರೆ ಜಾಗವನ್ನೇ ಕೇಳಿ ಪಡೆಯಿರಿ. ಬೇರೆ ಜಾಗ ಸಿಗದೆ ಚಿಕ್ಕ ಅಡಾಪ್ಟರ್ ಬಳಸುವುದು ಅನಿವಾರ್ಯವಾದರೆ ಎ.ಸಿ., ಮೈಕ್ರೋವೇವ್, ವಾಟರ್ ಹೀಟರ್ ಮೂರನ್ನೂ ಬಿಟ್ಟು, ದೀಪ, ಫ್ಯಾನು ಮತ್ತು ಬ್ಯಾಟರಿ ಚಾರ್ಜರ್‌ಗಷ್ಟೇ ಅದನ್ನು ಮೀಸಲಿಡಿ, ಮತ್ತು ಮೊದಲ ಅರ್ಧ ಗಂಟೆಯ ನಂತರ ಅದನ್ನು ತಪ್ಪದೆ ಮುಟ್ಟಿ ನೋಡಿ.