'ಗ್ರೋಸರ್' ಪದದ ಜಾಡು ಮತ್ತು ಎಟಿಮ್‌ಆನ್‌ಲೈನ್ ಕೋಶ

ಇಂಗ್ಲಿಷ್ ಪದಗಳ ಮೂಲವನ್ನು ಶುಲ್ಕವಿಲ್ಲದೆ ತಿಳಿಸುವ ಅಂತರಜಾಲ ಕೋಶಗಳಲ್ಲಿ ಅಮೆರಿಕದ ಡಗ್ಲಸ್ ಹಾರ್ಪರ್ ಅವರು ಕಟ್ಟಿದ ಎಟಿಮ್‌ಆನ್‌ಲೈನ್ ಪ್ರಸಿದ್ಧವಾದುದು. ಅದರ ಗುಣವನ್ನು ಪರೀಕ್ಷಿಸಲು ದಿನಸಿ ವ್ಯಾಪಾರಿಯನ್ನು ಸೂಚಿಸುವ 'ಗ್ರೋಸರ್' ಒಳ್ಳೆಯ ಪದ; ಏಕೆಂದರೆ ಅದರ ಇಂದಿನ ಅರ್ಥ ಮೂಲಾರ್ಥಕ್ಕೆ ಬಹುಮಟ್ಟಿಗೆ ವಿರುದ್ಧವಾಗಿದೆ.

ನಮೂದು ಚಿಕ್ಕದಾದರೂ ಅಚ್ಚುಕಟ್ಟಾಗಿದೆ. ದೊಡ್ಡದು, ದಪ್ಪನೆಯದು ಎಂಬರ್ಥದ ಲ್ಯಾಟಿನ್ನಿನ 'ಗ್ರೋಸಸ್'ನಿಂದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಪದ ಮೊದಲಿಗೆ ಸಗಟು ವ್ಯಾಪಾರಿಗೆ ಸಲ್ಲುತ್ತಿತ್ತೆಂದೂ ಚಿಲ್ಲರೆಯಾಗಿ ಆಹಾರ ಪದಾರ್ಥ ಮಾರುವವನೆಂಬ ಅರ್ಥ 16ನೆಯ ಶತಮಾನದ್ದೆಂದೂ ಅದು ತಿಳಿಸುತ್ತದೆ. ಅಲ್ಲಿಂದ 'ಗ್ರೋಸ್' ಎಂಬ ನಮೂದಿಗೆ ಹೋದರೆ, ನಮ್ಮ ಸಗಟು ಪೇಟೆಗಳಲ್ಲಿ 144ರ ಲೆಕ್ಕಕ್ಕೆ ಹೇಳುವ 'ಗ್ರೋಸ್' ಕೂಡ ಇದೇ ಬೇರಿನದೆಂದು, ಅಂದರೆ ಫ್ರೆಂಚಿನಲ್ಲಿ 'ದೊಡ್ಡ ಡಜನ್' ಎನ್ನುವುದರ ಮೊಟಕು ರೂಪವೆಂದು ತಿಳಿಯುತ್ತದೆ. ಹೀಗೆ ಒಂದು ನಮೂದಿನಿಂದ ಇನ್ನೊಂದಕ್ಕೆ ದಾಟಿಸುವ ಅನುಕೂಲವೇ ಈ ಕೋಶದ ದೊಡ್ಡ ಬಲ.

ಆದರೆ ಪದದ ಹಿಂದಿದ್ದ ವ್ಯಾಪಾರದ ಬಗ್ಗೆ ಕೋಶ ಬಹಳ ಜಿಪುಣ. ಲಂಡನ್ನಿನ ಮೆಣಸಿನ ವ್ಯಾಪಾರಿಗಳು 1345ರಲ್ಲಿ ಕೂಟ ಕಟ್ಟಿಕೊಂಡು, ಮುಂದೆ ಗ್ರೋಸರ್ಸ್ ಕಂಪನಿ ಎನಿಸಿಕೊಂಡು, 1428ರಲ್ಲಿ ರಾಜಸನ್ನದು ಪಡೆದರು. ಆ ಕಂಪನಿಯ ಲಾಂಛನದಲ್ಲಿ ಇಂದಿಗೂ ಲವಂಗಗಳಿವೆ. ಸಗಟು ವ್ಯಾಪಾರಿಯ ಹೆಸರು ಸಂಬಾರ ಪದಾರ್ಥಗಳಿಗೆ ಅಂಟಿಕೊಂಡು, ಬಳಿಕ ಬೀದಿಬದಿಯ ಅಂಗಡಿಯವನಿಗೆ ಇಳಿದದ್ದು ಈ ಸಂಗತಿಗಳಿಲ್ಲದೆ ಅರ್ಥವಾಗುವುದಿಲ್ಲ. ಪಶ್ಚಿಮ ಘಟ್ಟಗಳಲ್ಲಿ ಮೆಣಸು ಬೆಳೆಯುವ ನಮ್ಮಂಥವರಿಗಂತೂ ಕಥೆಯ ರುಚಿ ಇರುವುದು ಅಲ್ಲಿಯೇ.

ಕಾಲನಿರ್ದೇಶಗಳನ್ನು ಓದುವಾಗಲೂ ಎಚ್ಚರ ಬೇಕು. ಅವು ಬರಹದಲ್ಲಿ ಉಳಿದಿರುವ ಮೊದಲ ದಾಖಲೆಯ ಕಾಲವೇ ಹೊರತು ಪದ ಹುಟ್ಟಿದ ಕಾಲವಲ್ಲ. ಪ್ರತಿಯೊಂದು ಮಾತಿಗೂ ಆಧಾರವನ್ನು ಅಲ್ಲಲ್ಲಿಯೇ ಕೊಟ್ಟಿಲ್ಲವಾದ್ದರಿಂದ ಅನುವಾದಕರಿಗೆ, ಶಿಕ್ಷಕರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುವ ನಾನು ಸಂಶೋಧಕರಿಗೆ ಮಾತ್ರ ಆಕ್ಸ್‌ಫರ್ಡ್ ನಿಘಂಟಿನ ಪ್ರಯೋಗವಾಕ್ಯಗಳನ್ನೇ ನೋಡಲು ಹೇಳುತ್ತೇನೆ.

ದ್ರಾವಿಡ ಮೂಲದ ಪದಗಳಲ್ಲಿ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. 'ಗೋಡೌನ್' ಪದವನ್ನು ಮಲಯ ಭಾಷೆಯ ಮೂಲಕ ತೆಲುಗು, ತಮಿಳುಗಳವರೆಗೆ ಒಯ್ಯುವ ಕೋಶದಲ್ಲಿ, ನಮ್ಮ ಕರಾವಳಿಯಲ್ಲಿ ಕಳ್ಳಿನ ಅಂಗಡಿಗೆ ಹೇಳುವ 'ಗಡಂಗು' ಅದಕ್ಕೆ ಬಂಧುವೇ ಅಲ್ಲವೇ ಎಂಬ ವಿಚಾರಕ್ಕೆ ಒಂದು ಸಾಲಿನ ಜಾಗವೂ ಸಿಕ್ಕಿಲ್ಲ.